ಕೊಲೆಗಾರನಿಗೆ ಹೆಜ್ಜೆ ಕೊಟ್ಟ ಸದ್ದಕ್ಕ

ಬೆಳಗಿನ ಐದೂವರೆ. ಸದ್ದಕ್ಕ ತಮ್ಮ ಕಾಲಿಗಿಂತ ಎರಡು ಅಳತೆ ದೊಡ್ಡದಾದ ಗಂಡಸರ ಬೂಟಿಗೆ ಹಳೇ ಬಟ್ಟೆ ತುರುಕಿ, ಲೇಸು ಬಿಗಿದು, ಕೋಣೆಯ ನಡುವಿನ ಮರದ ಹಲಗೆಯ ಮೇಲೆ ನಿಲ್ಲುತ್ತಾರೆ. ಟಿಕ್ ಟಿಕ್ ಸದ್ದು ಸೇರದಿರಲೆಂದು ಕೈಗಡಿಯಾರ ಆಗಲೇ ಬಿಚ್ಚಿಟ್ಟಾಗಿದೆ. ಎದುರಿನ ಪರದೆಯಲ್ಲಿ ಕಪ್ಪು-ಬಿಳುಪು ಚಿತ್ರವೊಂದು ಓಡುತ್ತಿದೆ. ಪತ್ರಿಕಾ ಕಚೇರಿಯ ಮೆಟ್ಟಿಲು ಹತ್ತುತ್ತಿರುವ ಕೊಲೆಗಾರನ ಎರಡು ಕಾಲು ಮಾತ್ರ ಕಾಣುತ್ತಿವೆ. ಅವನು ಕಾಲಿಟ್ಟಾಗ ಸದ್ದಕ್ಕನೂ ಕಾಲಿಡುತ್ತಾರೆ.

"ಸ್ವಲ್ಪ ಬೇಗ ಆಯ್ತು ಅಕ್ಕ. ಅವನಿಗಿಂತ ಮುಂಚೆ ನೀವೇ ಮಾಳಿಗೆ ತಲುಪಿಬಿಟ್ರಿ," ಎನ್ನುತ್ತಾರೆ ಗಾಜಿನಾಚೆ ಕುಳಿತ ರೆಕಾರ್ಡಿಸ್ಟ್.

"ಅವನಿಗೆ ಕೊಲೆ ಮಾಡಿದ್ರೆ ಮುಗೀತು. ನನಗೆ ಮನೆಗೆ ಹೋಗಿ ತಿಂಡಿ ಬೇರೆ ಮಾಡ್ಬೇಕಲ್ಲಪ್ಪ. ಇನ್ನೊಂದ್ಸಲ ಹಾಕು."

ಪಕ್ಕದ ಗ್ಯಾರೇಜು ಎಂಟಕ್ಕೆ ಬಾಗಿಲು ತೆರೆಯುತ್ತದೆ. ಅಲ್ಲಿ ಸುತ್ತಿಗೆ ಏಟು ಶುರುವಾಯಿತೆಂದರೆ ಈ ಕೋಣೆಯಲ್ಲಿ ಕೆಲಸ ನಿಂತಂತೆಯೇ. ಅದಕ್ಕೇ ಸದ್ದಕ್ಕನ ದಿನ ಇಷ್ಟು ಬೇಗ ಆರಂಭವಾಗುವುದು. ಇವತ್ತಂತೂ ಅವಸರ ಹೆಚ್ಚು. ಹತ್ತು ಗಂಟೆಗೆ ಚಿತ್ರದ ಮಾಲೀಕರು ಬರುತ್ತಾರೆ. ಈ ಹೆಜ್ಜೆಗಳು ಅವರಿಗೆ ಹಿಡಿಸದಿದ್ದರೆ ಉಳಿದ ಸದ್ದುಗಳನ್ನೆಲ್ಲ ಕಂಪ್ಯೂಟರಿನಲ್ಲೇ ಮಾಡಿಸುತ್ತಾರೆ. ಆಮೇಲೆ ಈ ಕೋಣೆ ಸ್ಟುಡಿಯೋದ ಹಳೇ ಕುರ್ಚಿಗಳ ಗೋದಾಮಾಗುತ್ತದೆ.

ಐವತ್ತಾರರ ಸದ್ದಕ್ಕನಿಗೆ ಆ ಹೆಸರು ಕೊಟ್ಟದ್ದು ಸ್ಟುಡಿಯೋದವರು. ಸಿನಿಮಾದಲ್ಲಿ ಮಾತು, ಹಾಡು ಬಿಟ್ಟು ಉಳಿದ ಸದ್ದುಗಳನ್ನು ಕೈಕಾಲಿನಿಂದ ಮಾಡುವುದು ಅವರ ಕಸುಬು. ಬಂದದ್ದು ಮಾತ್ರ ವೇಷಭೂಷಣ ವಿಭಾಗದ ಹೊಲಿಗೆಗೆ. ಒಮ್ಮೆ ಪ್ರೇಮ ಸನ್ನಿವೇಶದ ನಡುವೆ ಅವರ ಹೊಲಿಗೆ ಯಂತ್ರದ ಸದ್ದು ಸೇರಿಕೊಂಡು, ಅಂದಿನ ಶಬ್ದ ತಂತ್ರಜ್ಞರು ಸ್ಟುಡಿಯೋ ಹಾರಿಹೋಗುವಂತೆ ಕೂಗಾಡಿದ್ದರು. ಮರುವಾರ ಅವರಿಗೇ ರೈಲಿನ ಸದ್ದು ಬೇಕಾಯಿತು. "ಏನಮ್ಮಾ, ಆ ದರಿದ್ರ ಯಂತ್ರ ತಗೊಂಡು ಬಾ," ಎಂದು ಕರೆದರು. ಯಂತ್ರದ ಹಿಂದೆ ಹೋದವರು ಅಲ್ಲೇ ಉಳಿದರು.

ಈಗಿನ ಕೆಲಸ ಎಪ್ಪತ್ತು ವರ್ಷ ಹಿಂದಿನ ಚಿತ್ರದ್ದು. ಒಂದೇ ಬೀದಿಯಲ್ಲಿ ಎದುರುಬದುರಾಗಿ ಎರಡು ಪತ್ರಿಕೆಗಳು, ಎರಡರಲ್ಲೂ ಒಬ್ಬೊಬ್ಬ ಅಪರಾಧ ವರದಿಗಾರ. ಒಬ್ಬನಿಗೆ ಸುದ್ದಿ ಸಿಕ್ಕರೆ ಇನ್ನೊಬ್ಬನಿಗೆ ಊಟ ಸೇರದು. ಊರಿನಲ್ಲಿ ಸಾಲು ಕೊಲೆ ನಡೆಯುತ್ತಿದ್ದರೆ ಇವರಿಬ್ಬರಿಗೂ ಕೊಲೆಗಾರ ಸಿಗುವುದಕ್ಕಿಂತ ಎದುರು ಪತ್ರಿಕೆಗೆ ಸಿಗದಿರುವುದೇ ಮುಖ್ಯ. ಕೊನೆಗೆ ನೋಡಿದರೆ ಕೊಲೆಗಾರ, ಹಗಲು ಈ ಪತ್ರಿಕೆಯಲ್ಲಿ, ರಾತ್ರಿ ಆ ಪತ್ರಿಕೆಯಲ್ಲಿ ಅಚ್ಚುಮೊಳೆ ಜೋಡಿಸುವವನು. ತನ್ನ ಸುದ್ದಿಯನ್ನು ಎರಡೂ ಕಡೆ ತಾನೇ ಜೋಡಿಸುತ್ತಿರುತ್ತಾನೆ. ಕೊನೆಯವರೆಗೂ ಅವನ ಮುಖ ಕಾಣುವುದಿಲ್ಲ, ಬರೀ ಕಾಲು.

ಚಿತ್ರ ತೆಗೆದವರ ಮೊಮ್ಮಗನೇ ಈಗಿನ ಮಾಲೀಕ. ಅವರ ಮನೆಯ ಅಟ್ಟದಲ್ಲಿ ಸಿಕ್ಕ ಪ್ರತಿಯಲ್ಲಿ ಚಿತ್ರವೂ ಮಾತುಗಳೂ ಉಳಿದಿದ್ದವು. ಬೇರೆಯಾಗಿ ಸುತ್ತಿಟ್ಟಿದ್ದ ಸದ್ದುಗಳ ಸುರುಳಿಗೆ ಬೂಷ್ಟು ಹಿಡಿದಿತ್ತು. ಬಾಗಿಲು ಬಡಿದರೂ ಮೌನ, ಕೆನ್ನೆಗೆ ಬಾರಿಸಿದರೂ ಮೌನ. ಸದ್ದಕ್ಕ ದಿನಕ್ಕೆ ನಾಲ್ಕು ನಿಮಿಷದ ಚಿತ್ರಕ್ಕೆ ಜೀವ ತುಂಬುತ್ತಾರೆ. ಮುದ್ರಣ ಯಂತ್ರಕ್ಕೆ ಅದೇ ಹಳೇ ಹೊಲಿಗೆ ಯಂತ್ರ, ಜೊತೆಗೆ ಒಂದು ಡಬ್ಬಿ ಬೋಲ್ಟು. ಮಳೆಗೆ ತಗಡಿನ ಮೇಲೆ ಅಕ್ಕಿ. ಕೈ ಮುರಿಯಲು ಸೌತೆಕಾಯಿ. ಇಬ್ಬರು ವರದಿಗಾರರಿಗೂ ಬೇರೆಬೇರೆ ಟೈಪ್‌ರೈಟರ್.

"ಒಬ್ಬ ಎರಡೇ ಬೆರಳಲ್ಲಿ ಕುಟ್ತಾನೆ, ಕೋಳಿ ಕಾಳು ಹೆಕ್ಕಿದ ಹಾಗೆ. ಇನ್ನೊಬ್ಬನಿಗೆ ಹತ್ತೂ ಬೆರಳು ಬರುತ್ತೆ, ಬರೆಯೋಕೆ ವಿಷಯ ಇಲ್ಲ. ಇಬ್ಬರದ್ದೂ ಒಂದೇ ಸದ್ದು ಅಂದ್ರೆ ಹ್ಯಾಗೆ?" ಎನ್ನುತ್ತಾರೆ. "ವಿಚಿತ್ರ ಏನು ಗೊತ್ತಾ? ಪೇಪರ್ ಮಡಿಸೋ ಸದ್ದಿಗೆ ಪೇಪರ್ ಆಗಲ್ಲ. ಬಟ್ಟೆ ಅಂಗಡಿಯ ಕಂದು ಕಾಗದವೇ ಆಗ್ಬೇಕು."

ನಿವೃತ್ತ ಬಸ್ ಚಾಲಕರಾದ ಅವರ ಯಜಮಾನರದ್ದು ಬೇರೆಯೇ ದೂರು: "ಮನೇಲಿ ಒಂದು ಸೌತೆಕಾಯಿ ಉಳಿಯಲ್ಲ. ಕೇಳಿದ್ರೆ, ಇವತ್ತು ಮೂರು ಜನರ ಮೂಳೆ ಮುರಿಯೋದಿತ್ತು ಅಂತಾಳೆ."

ಎಡವಟ್ಟಾದದ್ದು ಹೋದ ಭಾನುವಾರ. ಆಗಿರುವಷ್ಟು ಭಾಗವನ್ನು ಸ್ಟುಡಿಯೋದ ಪುಟ್ಟ ಸಭಾಂಗಣದಲ್ಲಿ ಕೆಲಸಗಾರರಿಗೂ ಅವರ ಮನೆಯವರಿಗೂ ತೋರಿಸಿದರು. ಪತ್ರಿಕಾ ಕಚೇರಿಯ ಮಾಳಿಗೆಯಲ್ಲಿ ಟೆಲಿಫೋನ್ ಹುಡುಗಿ ಒಬ್ಬಳೇ ಕುಳಿತಿದ್ದಾಳೆ. ಕೆಳಗಿನಿಂದ ಕೊಲೆಗಾರ ಹತ್ತಿ ಬರುತ್ತಿದ್ದಾನೆ. ಎರಡು ಮೆಟ್ಟಿಲು, ಒಂದು ನಿಲುಗಡೆ. ಮತ್ತೊಂದು ಮೆಟ್ಟಿಲು, ತುದಿಗಾಲಲ್ಲಿ. ಹಲಗೆ ಕಿರ್ ಎಂದೊಡನೆ ಮತ್ತೆ ನಿಲುಗಡೆ. ಇಡೀ ಸಭಾಂಗಣ ಬೆವರಬೇಕಾದ ಆ ಹೊತ್ತಿಗೆ ಹಿಂದಿನ ಸಾಲಿನಿಂದ ಒಬ್ಬ ಹೆಂಗಸಿನ ದನಿ ಬಂತು:

"ಅಯ್ಯೋ, ಬಂದ್ರು ನೋಡಿ ಯಜಮಾನ್ರು!"

ಸಭಾಂಗಣವೆಲ್ಲ ಗೊಳ್ಳೆಂದಿತು. ಗಂಡಸರು ಮೊದಲು ನಕ್ಕರು, ಆಮೇಲೆ ಯಾಕೋ ಸುಮ್ಮನಾದರು. ಸ್ನೇಹಿತರ ಜೊತೆ ಇಸ್ಪೀಟಾಡಿ ತಡವಾಗಿ ಮನೆಗೆ ಬರುವಾಗ ಸದ್ದಕ್ಕನ ಯಜಮಾನರೂ ಮೆಟ್ಟಿಲು ಹತ್ತುವುದು ಹಾಗೆಯೇ. ಮೂವತ್ತು ವರ್ಷ ಹಾಸಿಗೆಯಲ್ಲಿ ಕಣ್ಣುಮುಚ್ಚಿ ಮಲಗಿ ಕೇಳಿದ ಆ ನಡಿಗೆಯನ್ನು ಸದ್ದಕ್ಕನ ಕಾಲು ತಾನಾಗಿಯೇ ಕೊಲೆಗಾರನಿಗೆ ಕೊಟ್ಟುಬಿಟ್ಟಿತ್ತು. ಪಕ್ಕದಲ್ಲೇ ಕುಳಿತಿದ್ದ ಯಜಮಾನರು ಕುರ್ಚಿಯಲ್ಲಿ ಕುಗ್ಗಿ ಪಿಸುಗುಟ್ಟಿದರು: "ಲೇ, ಹಾಗಾದ್ರೆ ನಿನಗೆ ಎಲ್ಲ ಕೇಳಿಸ್ತಿತ್ತಾ?"

ಮಾಲೀಕರು ಮಾತ್ರ ನಗಲಿಲ್ಲ. "ಅಕ್ಕ, ಕೊಲೆಗಾರನಿಗೆ ಹೆಂಡತಿ ಭಯ ಇರಬಾರದು," ಎಂದರು. "ಮುಂದಿನ ಭಾನುವಾರ ಇದೇ ಜನರನ್ನ ಕೂರಿಸಿ ಇದೇ ದೃಶ್ಯ ತೋರಿಸ್ತೀನಿ. ಆಗಲೂ ಯಾರಾದ್ರೂ ನಕ್ಕರೆ ಕಂಪ್ಯೂಟರಿನವರಿಗೆ ಕೊಡೋದು ಬಿಟ್ಟು ನನಗೆ ಬೇರೆ ದಾರಿ ಇಲ್ಲ. ಬೇಜಾರು ಮಾಡ್ಕೋಬೇಡಿ."

ಸದ್ದಕ್ಕ ವಾರವಿಡೀ ಬೇಜಾರು ಮಾಡಿಕೊಂಡರು. ಮೆತ್ತಗೆ ನಡೆದರೆ ಗಂಡ, ಜೋರಾಗಿ ನಡೆದರೆ ಪೊಲೀಸ್, ಕಾಲೆಳೆದರೆ ಕುಡುಕ. ಕೊಲೆಗಾರ ಯಾವ ಬೂಟಿಗೂ ಇಳಿಯಲಿಲ್ಲ. ಸಾಲದ್ದಕ್ಕೆ ಮಂಡಿನೋವು ಬೇರೆ.

ಶುಕ್ರವಾರ ಮಧ್ಯಾಹ್ನ ಅವರು ಅಡುಗೆಮನೆಯಲ್ಲಿ ಸಕ್ಕರೆ ಡಬ್ಬಿಗೆ ಚಮಚ ಇಳಿಸಿದ್ದಾರೆ. ಡಾಕ್ಟರು ಬೇಡವೆಂದು ಖಡಾಖಂಡಿತವಾಗಿ ಹೇಳಿದ ಪದಾರ್ಥ ಅದು. ಅಷ್ಟರಲ್ಲಿ ಪಡಸಾಲೆಯಲ್ಲಿ ಅತ್ತೆಯ ಹೆಜ್ಜೆ ಕೇಳಿಸಿತು. ಎಂಬತ್ತು ದಾಟಿದ ಈ ಅತ್ತೆ ಒಂದು ಕಾಲಕ್ಕೆ ಹುಡುಗಿಯರ ಹಾಸ್ಟೆಲಿನ ವಾರ್ಡನ್. ಅಡಗಿ ಬರುವ ಅಭ್ಯಾಸ ಅವರಿಗಿಲ್ಲ, ಓಡಿ ಬರುವ ಅಗತ್ಯವೂ ಇಲ್ಲ. ಒಂದೇ ಸಮ, ಒಂದೇ ತೂಕ. ಎದುರಿನವರು ಎಲ್ಲಿಗೂ ಹೋಗಲಾರರೆಂದು ಗೊತ್ತಿರುವವರ ನಡಿಗೆ. ಸದ್ದಕ್ಕನ ಕೈ ಡಬ್ಬಿಯಲ್ಲೇ ನಿಂತುಹೋಯಿತು. ಮರುಕ್ಷಣವೇ ಮುಖ ಅರಳಿತು.

"ಅತ್ತೆ, ಇನ್ನೊಂದ್ಸಲ ಬನ್ನಿ!"

"ಏನೇ ಇದು? ಕದ್ದು ತಿಂದಿದ್ದೂ ಅಲ್ದೆ ನಾನು ಮತ್ತೆ ಬಂದು ಹಿಡೀಬೇಕಾ?"

"ಕೆಲಸಕ್ಕೆ ಬೇಕು ಅತ್ತೆ. ಅಲ್ಲಿಂದ ಇಲ್ಲೀತನಕ, ಹಾಗೇ."

"ಎಂಥಾ ಕೆಲಸಾನೋ," ಎನ್ನುತ್ತಲೇ ಅತ್ತೆ ಮೂರು ಸಲ ನಡೆದು ತೋರಿಸಿದರು. ಮೂರನೆಯ ಸಲ ಸಕ್ಕರೆ ಡಬ್ಬಿಯನ್ನೂ ಎತ್ತಿಕೊಂಡು ಹೋದರು.

ಆ ನಡಿಗೆಯನ್ನೇ ಸದ್ದಕ್ಕ ಈ ಬೆಳಿಗ್ಗೆ ದೊಡ್ಡ ಬೂಟಿನಲ್ಲಿ ಹಲಗೆಯ ಮೇಲೆ ಇಳಿಸುತ್ತಿರುವುದು. ಎಂಟಾಗಲು ಹತ್ತು ನಿಮಿಷವಿರುವಾಗ ರೆಕಾರ್ಡಿಸ್ಟ್ ಕಿವಿಯ ಹೆಡ್‌ಫೋನ್ ಕಳಚಿ ಹಿಂದಕ್ಕೊಮ್ಮೆ ತಿರುಗಿ ನೋಡುತ್ತಾರೆ. ಹಿಂದೆ ಯಾರೂ ಇಲ್ಲ.

"ಯಾಕಪ್ಪ?"

"ಏನಿಲ್ಲ ಅಕ್ಕ. ಬಾಗಿಲು ಹಾಕಿದೆಯಾ ನೋಡಿದೆ."

ಹತ್ತು ಗಂಟೆ. ಅದೇ ಸಭಾಂಗಣ, ಅದೇ ಜನ. ಹೋದ ವಾರ ಬಾರದಿದ್ದ ಅತ್ತೆ ಇವತ್ತು ಮಗನ ತೋಳು ಹಿಡಿದು ಬಂದು ಮುಂದಿನ ಸಾಲಿನಲ್ಲೇ ಕೂರುತ್ತಾರೆ. ಅವರು ಬರುತ್ತಾರೆಂದು ಸದ್ದಕ್ಕನಿಗೆ ಯಾರೂ ಹೇಳಿರಲಿಲ್ಲ. ಬಾಗಿಲ ಬಳಿ ನಿಂತಿದ್ದ ಸದ್ದಕ್ಕ ನಿಂತಲ್ಲೇ ಉಳಿಯುತ್ತಾರೆ, ಓಡಿಹೋಗಲು ಅದೇ ಅನುಕೂಲ.

ಮೆಟ್ಟಿಲ ದೃಶ್ಯ ಬರುತ್ತದೆ. ಹೆಜ್ಜೆ, ಹೆಜ್ಜೆ, ಹೆಜ್ಜೆ. ಯಾರೂ ಕೆಮ್ಮುವುದಿಲ್ಲ. ಹೋದ ವಾರ ಯಜಮಾನರನ್ನು ಸ್ವಾಗತಿಸಿದ ಹೆಂಗಸು ಪಕ್ಕದವಳ ಕೈ ಹಿಡಿದುಕೊಂಡಿದ್ದಾಳೆ. ಪರದೆಯ ಮೇಲಿನ ಹುಡುಗಿ ತಿರುಗುವ ಮೊದಲೇ ಸಭಾಂಗಣದ ಅರ್ಧ ಜನ ತಿರುಗಿ ಬಾಗಿಲು ನೋಡುತ್ತಾರೆ. ದೀಪ ಹತ್ತಿದಾಗ ಮಾಲೀಕರ ಕೈಯಲ್ಲಿನ ಚಹಾ ತಣ್ಣಗಾಗಿದೆ.

"ಉಳಿದದ್ದೂ ನೀವೇ ಮಾಡಿ ಅಕ್ಕ. ಕೋಣೆ ಯಾರೂ ಮುಟ್ಟಲ್ಲ," ಎನ್ನುತ್ತಾರೆ ಅವರು.

ಸದ್ದಕ್ಕ ಉಸಿರು ಬಿಡುವಷ್ಟರಲ್ಲಿ ಮುಂದಿನ ಸಾಲಿನಿಂದ ದನಿ ಏಳುತ್ತದೆ: "ಅದು ನಾನಲ್ವೇನೇ?"

ಯಜಮಾನರು ಚಾವಣಿ ನೋಡುತ್ತಾರೆ.

"ಹೌದು ಅತ್ತೆ," ಎನ್ನುತ್ತಾರೆ ಸದ್ದಕ್ಕ.

"ತಪ್ಪು ಮಾಡಿದ್ದೀಯ. ಬಾಗಿಲ ಹತ್ರ ನಾನು ಯಾವತ್ತೂ ನಿಧಾನ ಮಾಡಲ್ಲ. ನಿಧಾನ ಮಾಡಿದ್ರೆ ಹುಡುಗೀರಿಗೆ ದೀಪ ಆರಿಸೋಕೆ ಸಮಯ ಸಿಗುತ್ತೆ. ಮುಂದಿನ ಕೊಲೆ ಯಾವಾಗ? ನಾನೇ ಬಂದು ಹೇಳಿಕೊಡ್ತೀನಿ."

ಹೇಳಿದಂತೆ ಅತ್ತೆ ಈಗ ದಿನಾ ಬೆಳಿಗ್ಗೆ ಸ್ಟುಡಿಯೋಗೆ ಬಂದು ಹಲಗೆಯ ಪಕ್ಕ ಕುರ್ಚಿ ಹಾಕಿಸಿಕೊಳ್ಳುತ್ತಾರೆ. ರೆಕಾರ್ಡಿಸ್ಟ್ ಎದ್ದು ನಿಲ್ಲುತ್ತಾರೆ, ಅವರು ಕೂರು ಎಂದ ಮೇಲೆಯೇ ಕೂರುತ್ತಾರೆ. ಕೊಲೆಗಾರನಿಗೆ ಇನ್ನೂ ಎರಡು ಕೊಲೆ ಬಾಕಿಯಿದೆ.

ಇಷ್ಟು ವರ್ಷಗಳಲ್ಲಿ ತೆರೆಯ ಮೇಲೆ ಸದ್ದಕ್ಕನ ಹೆಸರು ಒಮ್ಮೆಯೂ ಬಂದಿಲ್ಲ. ಅವರೂ ಕೇಳಿದವರಲ್ಲ. ಮೊನ್ನೆ ಮಾತ್ರ ಮಾಲೀಕರ ಬಳಿ ಹೋಗಿ ಒಂದು ಸಾಲು ಜಾಗ ಕೇಳಿದ್ದಾರೆ, ಅತ್ತೆಯ ಹೆಸರಿಗೆ. ಅತ್ತೆಯದ್ದೂ ಒಂದು ಷರತ್ತಿದೆ. 'ಕೊಲೆಗಾರನ ಹೆಜ್ಜೆ' ಎಂದು ಹಾಕಕೂಡದು, ಬರೀ 'ಹೆಜ್ಜೆ' ಸಾಕು. ತಮ್ಮ ಹಾಸ್ಟೆಲಿನ ಹಳೇ ಹುಡುಗಿಯರು ನೋಡುತ್ತಾರಂತೆ. ಮಾಲೀಕರು ಒಪ್ಪಿದ್ದಾರೆ.

ನಿಮ್ಮ ಹೆಸರು ಬೇಡವೇ ಎಂದರೆ ಸದ್ದಕ್ಕ ಬೂಟಿನ ಲೇಸು ಬಿಚ್ಚುತ್ತಾ ನಗುತ್ತಾರೆ. "ಕೆಳಗೆ ಜಾಗ ಉಳಿದ್ರೆ ಹಾಕ್ಲಿ, ಬೇಡ ಅನ್ನಲ್ಲ. ಮೊದಲು ಅತ್ತೇದು ಬರಲಿ. ನಂದು ಮೇಲೆ ಬಂದ್ರೆ ನಾನು ಮನೆಗೆ ಹೋಗೋದು ಬೇಡ್ವಾ?"