ಹೊಗಳಿಕೆಗೊಂದು ಕರಿ ಬೊಟ್ಟು

ಹೊಗಳಿಸಿಕೊಳ್ಳುವುದು ನನಗೆ ಬರುವುದಿಲ್ಲ. ಯಾರಾದರೂ "ಸರ್, ಅಂಗಿ ಛಲೋ ಅದರಿ" ಎಂದರೆ ಸಾಕು, "ಹಳೇದ್ರಿ, ಕಾಲರ್ ಹರದದ ನೋಡ್ರಿ" ಎಂದು ಇಲ್ಲದ ಹರಕನ್ನು ಹುಡುಕಿ ತೋರಿಸಲು ಹೊರಡುತ್ತೇನೆ. ನನ್ನ ಹೆಂಡತಿ ಇದನ್ನು ವಿನಯ ಎನ್ನುವುದಿಲ್ಲ, ರೋಗ ಎನ್ನುತ್ತಾಳೆ. ರೋಗವೇ ಇದ್ದೀತು. ಆದರೆ ಅದು ನನ್ನೊಬ್ಬನದಲ್ಲ, ಔರಾದಿನಿಂದ ಭಾಲ್ಕಿಯವರೆಗೆ ಇಡೀ ಸೀಮೆಗೆ ಹತ್ತಿದ್ದು. ನಮ್ಮಲ್ಲಿ ಯಾರನ್ನಾದರೂ "ಬೆಳಿ ಹ್ಯಾಂಗ ಅದ?" ಎಂದು ಕೇಳಿ ನೋಡಿ. ಎದೆಮಟ್ಟ ತೊಗರಿ ನಿಂತಿದ್ದರೂ "ಅದ, ಹಂಗೇ" ಎನ್ನುತ್ತಾರೆ. "ಭಾಳ ಛಲೋ ಅದ" ಎಂದವನು ಒಂದೋ ಪರಊರಿನವನು, ಇಲ್ಲವೇ ಹೊಲ ಮಾರಲು ಹೊರಟವನು.

ಔರಾದಿನ ನಮ್ಮ ಓಣಿಯಲ್ಲಿ ದಗಡು, ಧೋಂಡಿಬಾ, ಕಚರು ಎಂಬ ಹೆಸರಿನ ಹಿರಿಯರಿದ್ದರು. ಮರಾಠಿಯಲ್ಲಿ ಮೊದಲೆರಡಕ್ಕೂ ಕಲ್ಲೆಂದೇ ಅರ್ಥ, ಮೂರನೆಯದಕ್ಕೆ ಕಸ. ಕನ್ನಡದವರು ನಾವೇನು ಹಿಂದೆ ಬಿದ್ದವರಲ್ಲ. ಕಲ್ಲಪ್ಪನೂ ಇದ್ದ, ತಿಪ್ಪಣ್ಣನೂ ಇದ್ದ. ಇಂಥ ಹೆಸರಿಟ್ಟ ತಾಯಂದಿರಿಗೆ ಮಗುವಿನ ಮೇಲೆ ಅಕ್ಕರೆ ಕಡಿಮೆಯಿತ್ತೆಂದು ತಿಳಿಯಬೇಡಿ. ಹೆಚ್ಚಿತ್ತು, ಹೆದರಿಕೆ ಹುಟ್ಟುವಷ್ಟು ಹೆಚ್ಚಿತ್ತು. ಕಸ ಎಂದು ಕರೆದರೆ ಸಾವಿಗೂ ಎತ್ತಿಕೊಂಡು ಹೋಗಲು ಬೇಸರ ಬಂದೀತು ಎಂಬ ಉಪಾಯ ಅದು. ಚೆಲುವಾದ ಕೂಸಿನ ಕೆನ್ನೆಗೆ ಕಾಡಿಗೆಯ ಬೊಟ್ಟು, ಹೊಸ ಮನೆಯ ನೆತ್ತಿಗೆ ವಿಕಾರ ಮುಖದ ಕುಂಬಳಕಾಯಿ, ಹೊಸ ಲಾರಿಯ ಹಿಂದೆ ಹಳೆಯ ಚಪ್ಪಲಿ. ಒಳ್ಳೆಯದು ಏನಿದ್ದರೂ ಅದಕ್ಕೆ ಸಣ್ಣದೊಂದು ಕುಂದು ಅಂಟಿಸಿಯೇ ಹೊರಗೆ ಬಿಡಬೇಕು. ದೃಷ್ಟಿ, ನಮ್ಮ ಕಡೆಯ ಮಾತಿನಲ್ಲಿ ನದರು, ಮೊದಲು ಆ ಕುಂದಿನ ಮೇಲೆ ಬಿದ್ದು ಒಡೆದುಹೋಗುತ್ತದೆ.

ಇದೆಲ್ಲ ನೆನಪಾದದ್ದು ನಮ್ಮ ಶಾಲೆಯ ಸುದ್ದಿಯಿಂದ. ಭಾಲ್ಕಿಯಿಂದ ಭಾತಂಬ್ರಾ ಕಡೆಗೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ ಆರು, ಏಳು, ಎಂಟನೆಯ ತರಗತಿಗಳಿಗೆ ನಾನು ಕನ್ನಡ ಕಲಿಸುತ್ತೇನೆ. ನೌಬಾದದ ಮನೆಯಿಂದ ದಿನಾ ಬಸ್ಸಿನ ಓಡಾಟ. ಮುಖ್ಯೋಪಾಧ್ಯಾಯಿನಿ ಸಂಘಮಿತ್ರಾ ಮೇಡಂ ಕಮಠಾಣದವರು, ವಿಜ್ಞಾನ ಕಲಿಸುವವರು. ಬೌದ್ಧ ಮನೆತನ. ಅವರ ತಂದೆಯೂ ಶಿಕ್ಷಕರಾಗಿದ್ದವರು. ನಿಂಬೆಹಣ್ಣು ಮೆಣಸಿನಕಾಯಿ ಕಟ್ಟಿದ ಬಾಗಿಲು ಕಂಡರೆ ಒಳಗೆ ಹೋಗಿ ಚಹಾ ಕೂಡ ಕುಡಿಯುತ್ತಿರಲಿಲ್ಲವಂತೆ.

ಮೇಡಂ ಅವರಿಗೆ ಬಂದಾಗಿನಿಂದ ಒಂದೇ ಕೊರಗು. ಶಾಲೆಯಿಂದ ಮನೆಗೆ ಹೇಳಿಕಳಿಸಿದರೆ ಮನೆಯವರು ಹೆದರುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಶಾಲೆ ಹುಟ್ಟಿದಾಗಿನಿಂದ ಮನೆಗೆ ಕಳಿಸಿದ್ದು ದೂರನ್ನೇ. ನಾನು ಓದುವಾಗ ಅಜ್ಜನಿಗೆ ಶಾಲೆಯಿಂದ ಕರೆ ಬಂದರೆ, ಕಾರಣ ಕೇಳುವ ಮೊದಲೇ ಅವನು ಮನೆಯಲ್ಲೇ ನನಗೊಂದು ಬಾರಿಸಿ ಹೊರಡುತ್ತಿದ್ದ. "ಅಲ್ಲಿ ಮಂದಿ ಮುಂದ ಬ್ಯಾಡ" ಎಂಬುದು ಅವನ ಸೌಜನ್ಯ. ಕಾಲ ಬದಲಾಗಿದೆ ಎನ್ನುತ್ತೀರಾ? ಮೊನ್ನೆ ಒಬ್ಬ ತಂದೆಯನ್ನು ಮಗನಿಗೆ ಚಿತ್ರಕಲೆಯಲ್ಲಿ ಬಹುಮಾನ ಬಂದಿದೆ ಎಂದು ಹೇಳಲು ಕರೆಸಿದರೆ, ಅವನು ಕೈಯಲ್ಲಿ ತೊಗರಿ ಕಟ್ಟಿಗೆ ಹಿಡಿದುಕೊಂಡೇ ಬಂದ. ಸುದ್ದಿ ಕೇಳಿ ಅದನ್ನು ಏನು ಮಾಡುವುದೆಂದು ತಿಳಿಯದೆ ಕಚೇರಿಯ ಮೂಲೆಗೆ ಆನಿಸಿಟ್ಟು ಹೋದ.

"ಇನ್ನ ಸಾಕ್ರಿ ಸರ್" ಎಂದರು ಮೇಡಂ. "ದಸರಾ ಸೂಟಿ ಮುಗದ ಮ್ಯಾಲೆ ಪ್ರತಿ ಶನಿವಾರ ಮನಿ ಮನಿಗೆ ಸುದ್ದಿ ಹೋಗಬೇಕು. ಛಲೋ ಸುದ್ದಿ ಅಷ್ಟೇ."

ಬರೆದು ಕಳಿಸಿದರೆ ಆಗದು. ನಮ್ಮ ಮನೆಗಳಲ್ಲಿ ಕನ್ನಡ ಮಾತಾಡಿ ಮರಾಠಿ ಓದುವವರಿದ್ದಾರೆ, ಎರಡನ್ನೂ ಮಾತಾಡಿ ಯಾವುದನ್ನೂ ಓದದ ಹಿರಿಯರಿದ್ದಾರೆ. ಆದ್ದರಿಂದ ಫೋನಿನ ಪಾಲಕರ ಗುಂಪಿಗೆ ದನಿಯಲ್ಲೇ ಕಳಿಸುವುದೆಂದಾಯಿತು. "ಓದೋದು ನೀವೇ. ನಿಮ್ಮ ದನಿ ರೇಡಿಯೋದವರಂಗ ಅದ" ಎಂದರು ಮೇಡಂ. ನಾನು ತಕ್ಷಣ ನೆಗಡಿಯಾಗಿದೆ ಎಂದು ಕೆಮ್ಮಿ ತೋರಿಸಿದೆ.

ಮೊದಲ ಕಂತಿಗೆ 'ಶರತ್ಕಾಲದ ಸುದ್ದಿ' ಎಂದು ಹೆಸರಿಟ್ಟವನು ನಾನೇ. ಕನ್ನಡ ಮಾಸ್ತರರಿಗೆ ಇಂಥ ಚಟಗಳಿರುತ್ತವೆ. "ಶರತ್ಕಾಲ ಅಂದ್ರ ಯಾವಾಗ್ರಿ ಸರ್?" ಎಂದು ಏಳನೆಯ ತರಗತಿಯವರು ಕೇಳಿದರು. ಪುಸ್ತಕದ ಪ್ರಕಾರ ತಿಳಿಯಾದ ಆಕಾಶ, ಅರಳಿದ ತಾವರೆ, ತೇಲುವ ಹಂಸ. ನಮ್ಮಲ್ಲಿ ಆಗ ಸೋಯಾ ರಾಶಿ ನಡೆದಿರುತ್ತದೆ. ಒಕ್ಕುವ ಯಂತ್ರ ಎಬ್ಬಿಸುವ ಧೂಳಿನಲ್ಲಿ ಆಕಾಶ ಇದೆಯೋ ಇಲ್ಲವೋ ಎಂದು ಅನುಮಾನ ಬರುತ್ತದೆ. ಹಂಸದ ಜಾಗದಲ್ಲಿ ಬುಟ್ಟಿ ತುಂಬ ಸೀತಾಫಲ ಬಂದು ಕೂತಿರುತ್ತದೆ. "ಸೋಯಾ ರಾಶಿ ಮಾಡೋ ಹೊತ್ತಪಾ" ಎಂದೆ. "ಹಂಗ ಹೇಳ್ರಲ್ಲ ಮತ್ತ!" ಎಂದು ಬರೆದುಕೊಂಡರು.

ಆ ಮೊದಲ ಸುದ್ದಿಯ ಮುಕುಟಮಣಿ ಏಳನೆಯ ತರಗತಿಯ ಭಾಗ್ಯಶ್ರೀ. ಅವಳ ಕಾಲಿನ ಬಲದಿಂದ ನಮ್ಮ ಹುಡುಗಿಯರ ಖೋ ಖೋ ತಂಡ ಭಾಲ್ಕಿಯಲ್ಲಿ ಗೆದ್ದು ಬೀದರಿನ ಜಿಲ್ಲಾ ಪಂದ್ಯಕ್ಕೆ ಆಯ್ಕೆಯಾಗಿತ್ತು. ನಮ್ಮ ಶಾಲೆಯ ಹುಡುಗಿಯರು ಅಷ್ಟು ದೂರ ಹೋಗುವುದು ಅದೇ ಮೊದಲು. ನಾನು ನೆಗಡಿ ಮರೆತು, ದನಿ ಏರಿಸಿ ಓದಿದೆ: "ಭಾಗ್ಯಶ್ರೀಯಂತೆ ಓಡುವವರು ಇಡೀ ತಾಲೂಕಿನಲ್ಲೇ ಇಲ್ಲ!"

ಭಾಗ್ಯಶ್ರೀಗೆ ತಂದೆ ತಾಯಿ ಇದ್ದಾರೆ. ಆದರೆ ಆ ಮನೆಯಲ್ಲಿ ಕೊನೆಯ ಮಾತು ಅಜ್ಜಿ ಗೋದಾಬಾಯಿಯದು. ಸುದ್ದಿ ಬಂದಾಗ ಅವರ ಕಣದಲ್ಲಿ ರಾಶಿ ನಡೆದಿತ್ತು. ಮಗ ಯಂತ್ರ ನಿಲ್ಲಿಸಿ ಫೋನಿನ ದನಿ ಜೋರು ಮಾಡಿದ. ಕೂಲಿಗೆ ಬಂದ ಹೆಂಗಸರೆಲ್ಲ ಸುತ್ತ ಕೂತು ಕೇಳಿದರು. "ಏನ್ ಪೋರಿರೀ ಆಯಿ ನಿಮ್ಮದು!" ಎಂದು ಒಬ್ಬೊಬ್ಬರೂ ಅಂದರು. ಅವತ್ತೇ ಸಂಜೆ ಭಾಗ್ಯಶ್ರೀಗೆ ಜ್ವರ ಬಂತು. ಅಜ್ಜಿ ಉಪ್ಪು, ಸಾಸಿವೆ, ಒಣ ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದರು. ಮೆಣಸಿನಕಾಯಿ ಸುಟ್ಟು ಕರಕಾದರೂ ಮನೆಯಲ್ಲಿ ಯಾರೂ ಕೆಮ್ಮಲಿಲ್ಲ. ಘಾಟು ಏಳಲಿಲ್ಲವೆಂದರೆ ಹತ್ತಿದ ನದರು ಅಂಥಿಂಥದಲ್ಲ. ಜ್ವರ ಮರುದಿನವೇ ಇಳಿಯಿತು. ಹುಡುಗಿ ಮಾತ್ರ ಶಾಲೆಗೆ ಬರಲಿಲ್ಲ. ಬೀದರಿಗಂತೂ ಕಳಿಸುವುದಿಲ್ಲ ಎಂದು ಹೇಳಿಕಳಿಸಿದರು. ಅವಳಿಲ್ಲದ ತಂಡ ಬೀದರಿಗೆ ಹೋಗುವುದೂ ಒಂದೇ, ಕೋಟೆ ನೋಡಿಕೊಂಡು ಬರುವುದೂ ಒಂದೇ.

ನಾನೂ ಮೇಡಮ್ಮೂ ಮನೆಗೆ ಹೋದೆವು. ಗೋದಾಬಾಯಿ ಕಟ್ಟೆಯ ಮೇಲೆ ಚಾಪೆ ಹಾಸಿ, ಚಹಾ ಕೊಟ್ಟು, ಆಮೇಲೆ ಜಗಳಕ್ಕೆ ಕೂತರು. ನಮ್ಮ ಕಡೆ ಇದೇ ಕ್ರಮ.

"ಜ್ವರ ಬಂದದ್ದು ಸೀತಾಫಲ ಭಾಳ ತಿಂದದ್ದಕ್ಕರಿ ಆಯಿ" ಎಂದರು ಮೇಡಂ. "ಹುಡುಗಿ ತಾನೇ ಹೇಳ್ಯಾಳ."

"ಸೀತಾಫಲ ಪ್ರತಿ ವರ್ಷಾ ತಿಂತಾಳ್ರಿ ಬಾಯಿ. ನೀವು ಹೊಗಳಿದ್ದು ಈ ವರ್ಷಾನೇ."

ವಿಜ್ಞಾನ ಕಲಿಸುವ ಮೇಡಂ ಚಹಾ ಕುಡಿದರು.

"ಹಿಂದಿನ ಮಾಸ್ತರ್‌ಗೋಳು ನಮ್ಮ ಪೋರಿ ದಡ್ಡಿ, ಗಣಿತ ಬರಂಗಿಲ್ಲ ಅಂತ ಹೇಳಿಕಳಸ್ತಿದ್ರು" ಎಂದು ಗೋದಾಬಾಯಿ ಮುಂದುವರಿಸಿದರು. "ಒಂದಿನಾರ ಸಾಲಿ ತಪ್ಪಸ್ಯಾಳೇನು ಕೇಳ್ರಿ. ನೀವ್ ಛಲೋ ಅಂದ್ರಿ, ಹಾಸಿಗಿ ಹಿಡದ್ಲು. ಈ ಸರ್ ಅಂತೂ ತಾಲೂಕದಾಗೇ ಇಲ್ಲ ಅಂತ ಒದರ್‍ಯಾರ! ಅಷ್ಟೂ ಕಣ್ಣು ನನ್ನ ಕೂಸಿನ ಮ್ಯಾಲೆ."

"ಹಂಗಾರ ಈಗೇನು ಮಾಡ್ಬೇಕ್ರಿ?" ಎಂದೆ, ಒದರಿದವನ ಹೊಣೆ ಹೊತ್ತು.

"ಹೇಳಿದ ಬಾಯಿಲೇ, ಕೇಳಿದ ಮಂದಿಗೇ, ಒಂದ್ ಕುಂದು ಹೇಳ್ರಿ. ಆಮ್ಯಾಲೆ ಬೀದರಿಗಿ ಕರ್ಕೊಂಡ್ ಹೋಗ್ರಿ, ದಿಲ್ಲಿಗಿ ಕರ್ಕೊಂಡ್ ಹೋಗ್ರಿ."

ಭಾಗ್ಯಶ್ರೀ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಅವಳ ಕಣ್ಣು ಇಡೀ ಹೊತ್ತು ಮೇಡಂ ಮುಖದ ಮೇಲಿತ್ತು.

ಬಸ್‌ ನಿಲ್ದಾಣದವರೆಗೆ ಇಬ್ಬರೂ ನಡೆದೇ ಬಂದೆವು. ಬೀದರಿನ ಕಡೆಯವನೊಬ್ಬ ಬರೆಯುತ್ತಿದ್ದರೆ ಈ ಜಾಗದಲ್ಲಿ ಬಿದರಿ ಕುಸುರಿ ಬರಲೇಬೇಕು: ಸುತ್ತ ಕಪ್ಪಿದ್ದರೆ ತಾನೇ ಬೆಳ್ಳಿ ಹೊಳೆಯುವುದು, ಇತ್ಯಾದಿ. ನಾನೂ ಅದನ್ನೇ ಹೇಳಲು ಬಾಯಿ ತೆರೆದೆ. "ಬಿದರಿ ಉಪಮೆ ಬ್ಯಾಡ್ರಿ ಸರ್" ಎಂದರು, "ಎಲ್ಲಾ ಭಾಷಣದಾಗ ಕೇಳೇನಿ." ಆಮೇಲೆ, "ನಮ್ಮಪ್ಪ ಜಲ್ಮಪೂರ್ತಿ ಈ ನದರು ಗಿದರು ಬಿಡ್ರಿ ಅಂತ ಮನಿ ಮನಿ ತಿರುಗ್ಯಾರ. ನಾ ಹೋಗಿ ಸಾಲಿ ಹೆಸರಿನ ಮ್ಯಾಲೆ ಕಾಡಿಗಿ ಹಚ್ಚಲ್ಯಾ?" ಎಂದರು.

ಬಸ್ಸು ಇನ್ನೂ ಬಂದಿರಲಿಲ್ಲ. ಬಸ್ಸು ತಡವಾಗುವುದರಲ್ಲಿ ಒಂದು ಲಾಭವಿದೆ. ಮನುಷ್ಯ ತನ್ನ ಮಾತನ್ನು ತಾನೇ ಎರಡನೆಯ ಸಲ ಕೇಳಿಸಿಕೊಳ್ಳುತ್ತಾನೆ. ಮೇಡಂ ಕೊನೆಗೆ ತೀರ್ಪು ಕೊಟ್ಟರು: "ನದರಿಗಂತ ಸುಳ್ಳು ಕುಂದು ಹೇಳಂಗಿಲ್ಲ. ಖರೇ ಕುಂದು ಒಂದು ಇದ್ರ ಹೇಳೋಣ. ಖರೇ ಹೇಳೋದಕ್ಕ ನಮ್ಮಪ್ಪನೂ ಬ್ಯಾಡ ಅಂತಿರ್‍ಲಿಲ್ಲ."

ಮರುದಿನ ಏಳನೆಯ ತರಗತಿಯಲ್ಲಿ ಭಾಗ್ಯಶ್ರೀಯ ಕುಂದೇನು ಎಂದು ಕೇಳಿದೆ. ನನ್ನ ಪಾಠದಲ್ಲಿ ಎಂದೂ ಏಳದ ಕೈಗಳೆಲ್ಲ ಎದ್ದವು. ಗೆಳೆತನದ ಆಳ ಅಳೆಯಲು ಇದಕ್ಕಿಂತ ಒಳ್ಳೆಯ ಉಪಾಯ ನಾನು ಕಂಡಿಲ್ಲ. ಬಂದದ್ದರಲ್ಲಿ ಸೋಸಿ ಒಂದನ್ನು ಆರಿಸಿದೆವು: ಬಿಸಿಯೂಟವಾದ ಮೇಲೆ ಅವಳು ತನ್ನ ತಟ್ಟೆ ತೊಳೆಯುವುದಿಲ್ಲ, ಐದನೆಯ ತರಗತಿಯ ತಮ್ಮನ ಕೈಗೆ ದಾಟಿಸುತ್ತಾಳೆ. ಮೇಡಂ ಅಡುಗೆಯವರನ್ನೂ ವಿಚಾರಿಸಿ ಖಾತ್ರಿ ಮಾಡಿಕೊಂಡರು. ಶನಿವಾರದ ತನಕ ಕಾಯದೆ ವಿಶೇಷ ಸುದ್ದಿ ಹೊರಟಿತು. ಭಾಗ್ಯಶ್ರೀ ಓಡುವುದರಲ್ಲಿ ಮುಂದು, ಆದರೆ ತಟ್ಟೆ ತೊಳೆಯುವುದರಲ್ಲಿ ಬಹಳ ಹಿಂದು ಎಂದು ಅದೇ ರೇಡಿಯೋ ದನಿಯಲ್ಲಿ ಓದಿದೆ.

ನಮ್ಮ ಪಾಲಕರ ಗುಂಪು ಅಲ್ಲಿಯವರೆಗೆ ಸ್ಮಶಾನಮೌನದ್ದು. ನಾನು ಎಷ್ಟು ಹೊಗಳಿದರೂ ಒಬ್ಬರೂ ತುಟಿ ಬಿಚ್ಚಿರಲಿಲ್ಲ. ಈಗ ಮೊದಲ ದನಿ ಗೋದಾಬಾಯಿಯದೇ ಬಂತು: "ತಟ್ಟಿ ಅಷ್ಟೇ ಅಲ್ರಿ ಸರ್, ಮನ್ಯಾಗ ಕಸಾನೂ ಹೊಡಿಯಂಗಿಲ್ಲ. ಅದನ್ನೂ ಹಾಕ್ಕೋರಿ." ಅದರ ಬೆನ್ನಿಗೆ ಕಟ್ಟೆ ಒಡೆಯಿತು. "ನಮ್ಮ ಪೋರ ಊಟಕ್ಕ ಕರದ್ರ ಏಳಂಗಿಲ್ರಿ, ಪುಸ್ತಕ ಹಿಡದು ಕೂತಬಿಡ್ತಾನ, ಭಾಳ ಹಟಮಾರಿ." "ನಮ್ಮ ಪೋರಿ ಕರೆಂಟ್ ಹೋದ್ರೂ ಲೆಕ್ಕಾ ಮಾಡ್ತಾಳ್ರಿ, ಕಣ್ಣು ಹಾಳ್ ಮಾಡ್ಕೊತಾಳ, ನೀವಾರ ಬೈರಿ." ಇವು ದೂರುಗಳೆಂದು ನಂಬುವಷ್ಟು ದಡ್ಡ ಮಾಸ್ತರ ನಾನಲ್ಲ. ಮಕ್ಕಳ ಬಗ್ಗೆ ಮನೆಯವರಿಗೆ ಹೇಳಬೇಕಾದದ್ದು ಎಷ್ಟೋ ಇತ್ತು. ಅದನ್ನು ಸುತ್ತಿ ಕೊಡಲು ಒಂದು ಹರಕು ಅರಿವೆ ಬೇಕಿತ್ತು, ಅಷ್ಟೇ. ಮೇಡಂ ಎಲ್ಲ ಕೇಳಿ, "ಪಾಲಕರ ಸಹಕಾರ ಅಂದ್ರ ಇದೇ ಏನ್ರಿ ಸರ್?" ಎಂದರು. ಇದೇ ಇರಬೇಕು ಎಂದೆ.

ಪಂದ್ಯದ ದಿನ ಬೀದರಿನ ಮೈದಾನಕ್ಕೆ ಗೋದಾಬಾಯಿಯೂ ಬಂದರು. ಹುಡುಗಿಯನ್ನು ಕಾಯಲು ಅಲ್ಲ, ನೋಡುವವರನ್ನು ಕಾಯಲು. ಮೊದಲ ಆಟದಲ್ಲಿ ಭಾಗ್ಯಶ್ರೀ ನೆಲಕ್ಕೆ ಹಾರಿ ಎದುರಾಳಿಗಳನ್ನು ಒಬ್ಬರಾದ ಮೇಲೊಬ್ಬರಂತೆ ಮುಟ್ಟಿದಳು. ಪಕ್ಕದ ಯಾವುದೋ ಶಾಲೆಯ ಮಾಸ್ತರರು "ಯಾರ್ರಿ ಈ ಹುಡುಗಿ? ಮಿಂಚು ಇದ್ಹಂಗ ಇದ್ದಾಳ!" ಎಂದರು. ಗೋದಾಬಾಯಿ ಅವರ ಕಡೆ ವಾಲಿ, "ತಟ್ಟಿ ತೊಳಿಯಂಗಿಲ್ರಿ" ಎಂದರು. ಆ ಪುಣ್ಯಾತ್ಮರು ಮುಂದೆ ಆಟ ನೋಡಿದರೋ ಈ ಮಾತಿನ ಅರ್ಥವನ್ನೇ ಹುಡುಕುತ್ತ ಕೂತರೋ ತಿಳಿಯದು. ಆ ಆಟ ಗೆದ್ದೆವು.

ಎರಡನೆಯದರಲ್ಲಿ ಸೋತೆವು, ಒಂದೇ ಅಂಕದಿಂದ. ಕೊನೆಯ ಗಳಿಗೆಯಲ್ಲಿ ಭಾಗ್ಯಶ್ರೀ ಹಾರಿದಳು. ಎದುರಾಳಿಯ ಬೆನ್ನಿಗೂ ಅವಳ ಬೆರಳಿಗೂ ನಡುವೆ ಒಂದು ಗೇಣು ಉಳಿಯಿತು, ಸೀಟಿ ಕೂಗಿತು. ಅವಳು ಕಂಬದ ಬುಡದಲ್ಲಿ, ಬಿದ್ದ ಜಾಗದಲ್ಲೇ, ಮುಖಕ್ಕೆ ಮೊಣಕೈ ಒತ್ತಿ ಅಳತೊಡಗಿದಳು. ಗೆದ್ದವರ ಸುತ್ತ ಮೈದಾನವೆಲ್ಲ ನೆರೆಯಿತು. ಹೊಗಳಿದ್ದೂ ಆಯಿತು, ಕುಂದು ಹೇಳಿದ್ದೂ ಆಯಿತು, ಇನ್ನು ಈ ಮುದುಕಿ ಯಾರನ್ನು ಬೈಯುವಳೋ ಎಂದು ನಾನು ಮೇಡಂ ಹಿಂದೆ ಸರಿದು ನಿಂತೆ.

ಗೋದಾಬಾಯಿ ಕಚ್ಚೆ ಬಿಗಿದು ಅಂಕಣದೊಳಗೆ ನಡೆದರು. ಮೊಮ್ಮಗಳನ್ನು ಎಬ್ಬಿಸಿ, ಸೆರಗಿನಿಂದ ಮುಖದ ಧೂಳು ಒರೆಸಿ, ಮೈದಾನದ ಆ ತುದಿಗೂ ಕೇಳುವಂತೆ ಅಂದರು: "ಏಳು ನನ್ನವ್ವ! ನಿನ್ನಂಗ ಓಡೋರು ಈ ಜಿಲ್ಲಾದಾಗ ಯಾರ್ ಅದಾರ? ಹುಲಿ ಇದ್ದಿ ನೀ, ಹುಲಿ!"

ಮೇಡಂ ಮೆಲ್ಲಗೆ ಹತ್ತಿರ ಹೋದರು. "ಆಯಿ, ಇಷ್ಟ್ ಮಂದಿ ಮುಂದ ಹೊಗಳ್ಲಕತ್ತೀರಿ. ನದರ್ ಹತ್ತಂಗಿಲ್ಲೇನ್ರಿ?"

"ಗೆದ್ದವರನ್ನ ಊರೆಲ್ಲಾ ನೋಡ್ತದ್ರಿ ಬಾಯಿ" ಎಂದರು ಗೋದಾಬಾಯಿ, ಹುಡುಗಿಯ ಜಡೆಯಿಂದ ಹುಲ್ಲಿನ ಎಸಳು ತೆಗೆಯುತ್ತ. "ಸೋತವರನ್ನ ಯಾರ್ ನೋಡ್ತಾರ? ಮನಿಯವರೇ ನೋಡಬೇಕು."

ಆ ಶನಿವಾರ ನಾನು ಸುದ್ದಿ ಓದುವಾಗ ಮೇಡಂ ಪಕ್ಕದಲ್ಲೇ ಕೂತಿದ್ದರು. ಸೋತೆವೆಂಬುದನ್ನು ಮೊದಲೇ ಹೇಳಿಬಿಟ್ಟೆ. ಅಲ್ಲಿಂದ ಮುಂದೆ ಯಾವ ಹೆದರಿಕೆಯೂ ಇರಲಿಲ್ಲ. ತಂಡದ ಒಬ್ಬೊಬ್ಬಳ ಹೆಸರು ಹಿಡಿದು, ಒಂದು ಕುಂದನ್ನೂ ಸೇರಿಸದೆ, ಬಾಯಿ ತುಂಬ ಹೊಗಳಿದೆ. ಸಾಕು, ಉದ್ದವಾಯಿತು ಎಂದು ಮೇಡಂ ಕೈಸನ್ನೆ ಮಾಡಿದರು. ನಾನು ನಿಲ್ಲಿಸಲಿಲ್ಲ. ಇಂಥ ಅವಕಾಶ ಗೆದ್ದಾಗ ಸಿಗುವುದಿಲ್ಲ.