ಗೌರಿಯ ಕೊನೆಯ ಗೋಪೂಜೆ

ಮನೆಮನೆಯ ದನದ ಹಟ್ಟಿಗಳು ಕಾರುಶೆಡ್ಡುಗಳಾಗತೊಡಗಿದ್ದ ಕಾಲವದು. ಕುಂಬಳೆ ಪೇಟೆಯಿಂದ ಒಳಗಿರುವ ನಮ್ಮ ಓಣಿಯಲ್ಲಿ ದನ ಉಳಿದದ್ದು ನಮ್ಮಲ್ಲಿ ಮಾತ್ರ. ಗಿಡ್ಡ ತಳಿಯ ಗೌರಿ, ಹತ್ತು ವರ್ಷದ ನನ್ನ ಎದೆಮಟ್ಟಕ್ಕೆ ಬರುತ್ತಿದ್ದಳು. ಅವಳಿಗೆ ಒಂದು ತುತ್ತು ಗೋಗ್ರಾಸ ಕೊಡದೆ ಅಜ್ಜಿ ಊಟಕ್ಕೆ ಕೂರುತ್ತಿರಲಿಲ್ಲ.

ಹಾಗಾಗಿ ದೀಪಾವಳಿಯ ಗೋಪೂಜೆಗೆ ಓಣಿಗೆ ಓಣಿಯೇ ನಮ್ಮ ಹಟ್ಟಿಗೆ ಬರುತ್ತಿತ್ತು. ಗೌರಿಯನ್ನು ಮೀಯಿಸಿ, ತೆಂಗಿನ ಗೆರಟೆಯ ಅಂಚನ್ನು ಬಿಳಿ ಜೇಡಿಮಣ್ಣಿನಲ್ಲಿ ಅದ್ದಿ ಅವಳ ಮೈತುಂಬ ಬಳೆಯಂಥ ಮುದ್ರೆ ಒತ್ತುವುದು ನನ್ನ ಕೆಲಸ. ಚೆಂಡುಹೂ, ಧೂಪ, ಸೆಗಣಿ ಎಲ್ಲ ಕಲೆತು ಹಟ್ಟಿಗೆ ಹಬ್ಬದ್ದೇ ಒಂದು ವಾಸನೆ.

ಆ ವರ್ಷ ಬಂದವರು ಹೆಚ್ಚು. ಒಬ್ಬರು ದೋಸೆ ತಂದರು, ಇನ್ನೊಬ್ಬರು ಬೆಲ್ಲ ಕಲಸಿದ ಅನ್ನ, ಗಲ್ಫಿನಿಂದ ರಜೆಗೆ ಬಂದವರು ಬುಟ್ಟಿ ತುಂಬ ಅಕ್ಕಿ. ಎಲ್ಲರಿಗಿಂತ ಕೊನೆಗೆ ಎದುರುಮನೆಯ ಕಮಲಕ್ಕ ಪಾಯಸವನ್ನೇ ತಂದರು. ಗೌರಿ ಯಾವುದಕ್ಕೂ ಮುಖ ತಿರುಗಿಸಲಿಲ್ಲ. ನಮ್ಮ ದನವೆಂಬ ಜಂಬದಲ್ಲಿ ನಾನು ಪಕ್ಕದಲ್ಲೇ ನಿಂತಿದ್ದೆ.

“ಅತ್ತೆ, ಸಾಕು. ಅದರ ಹೊಟ್ಟೆ ಎಂತ ಭತ್ತ ತುಂಬುವ ಪತ್ತಾಯವಾ?” ಎಂದಳು ಅಮ್ಮ.

“ಭಕ್ತಿಯಲ್ಲಿ ತಂದದ್ದನ್ನು ಬೇಡ ಹೇಳ್ಲಿಕ್ಕೆ ಉಂಟಾ ಮಾರಾಯ್ತಿ?” ಎಂದರು ಅಜ್ಜಿ.

ಸಂಜೆಗೆ ಗೌರಿಯ ಹೊಟ್ಟೆ ಉಬ್ಬಿತು. ಮೆಲುಕು ನಿಂತಿತು. ಮರುದಿನ ಬಂದ ಡಾಕ್ಟರು, “ಅಕ್ಕಿ, ಅನ್ನ ಹೀಗೆ ರಾಶಿ ತಿಂದ್ರೆ ಹೊಟ್ಟೆಯಲ್ಲಿ ಹುಳಿ ಏರ್ತದೆ. ನಿನ್ನೆಯೇ ಕರೀಬೇಕಿತ್ತು,” ಎಂದು ಸೂಜಿ ಚುಚ್ಚಿದರು. ಮಧ್ಯಾಹ್ನಕ್ಕೆ ಗೌರಿ ಸತ್ತಳು.

ಕಮಲಕ್ಕ ಅಳುತ್ತಾ ಓಡಿಬಂದು ಅಜ್ಜಿಯನ್ನು ಕೇಳಿದರು. “ಎಂತ ಆಯ್ತು ಅಮ್ಮಾ?”

“ಹಾವು ಮುಟ್ಟಿದ್ದು,” ಎಂದರು ಅಜ್ಜಿ.

ನಾನು ಬಾಯಿ ತೆರೆಯುವಷ್ಟರಲ್ಲಿ ಅಮ್ಮ ತೋಳು ಹಿಡಿದಳು. ಒಳಗೆ ಬಂದ ಮೇಲೆ ಅಜ್ಜಿ, “ಗೋಹತ್ಯೆಯ ಪಾಪ ತಂದುಕೊಟ್ಟವರ ತಲೆಗೆ ಯಾಕೆ? ಬೇಡ ಹೇಳದೆ ಇದ್ದದ್ದು ನಾನಲ್ವಾ,” ಎಂದರು. ಆಮೇಲೆ ಅವರು ದನ ಕಟ್ಟಲಿಲ್ಲ. ಊಟದ ಹೊತ್ತಿಗೆ ಒಂದು ತುತ್ತು ಬದಿಗೆ ತೆಗೆದಿಟ್ಟು, ಕೊಡಲು ಯಾರೂ ಇಲ್ಲದೆ ಅದನ್ನೇ ನೋಡುತ್ತಾ ಕೂರುತ್ತಿದ್ದರು. ಅಂದು ಜಂಬದಲ್ಲಿ ನಿಂತಿದ್ದ ನಾನು ಆ ತುತ್ತಿನ ಕಡೆ ನೋಡದೆ ಬೇಗ ಉಂಡು ಏಳುತ್ತಿದ್ದೆ.

ಈಗ ಅಜ್ಜಿ ಇಲ್ಲ, ಹಟ್ಟಿಯೂ ಇಲ್ಲ. ಓಣಿಯ ಮಕ್ಕಳು ದನದ ಮೈ ಮುಟ್ಟಬೇಕಾದರೆ ಗೋಶಾಲೆಗೆ ಹೋಗಬೇಕು. ಕಳೆದ ದೀಪಾವಳಿಗೆ ಕಮಲಕ್ಕ ಅಲ್ಲಿಗೆ ಹೊರಟಿದ್ದರು, ಕಾರಿನ ಡಿಕ್ಕಿಯಲ್ಲಿ ಗೋಣಿ ತುಂಬ ಅಕ್ಕಿ. ನನ್ನ ಕೈ ಹಿಡಿದು, “ನಿಮ್ಮ ಗೌರಿಗೆ ಕೊನೆಯ ತುತ್ತು ಕೊಟ್ಟ ಪುಣ್ಯ ನನ್ನದು, ಮಗಾ,” ಎಂದರು.

ಹೇಳಿಬಿಡಬೇಕೆಂದು ಬಾಯಿವರೆಗೆ ಬಂತು. ಮುದಿಯಾದ ಆ ಮುಖ ನೋಡಿ ಆಗಲಿಲ್ಲ.

“ಸ್ವಲ್ಪವೇ ಕೊಡಿ, ಕಮಲಕ್ಕ.”

“ಹಬ್ಬದ ದಿನ ಯಾರಾದ್ರೂ ಸ್ವಲ್ಪ ಕೊಡ್ತಾರಾ?” ಎಂದು ನಗುತ್ತಾ ಅವರು ಕಾರು ಹತ್ತಿದರು. ಅಜ್ಜಿಯ ಹಾಗೆ ನಾನೂ ಬೇಡವೆನ್ನಲಿಲ್ಲ.