ಹೊಳಪಿಗೆ ಬಂದ ಪಾವಲಿಗಳು

ಪಾತ್ರೆ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಪಾಲಿಶ್ ಮಾಮ ಎನ್ನುತ್ತಿದ್ದರು. ಜೀವಮಾನವೆಲ್ಲ ತಿರುಗುವ ಚಕ್ರದ ಮುಂದೆ ಕೂತು ಲೋಟ, ತಟ್ಟೆ, ಬಾಗಿಲ ಹಿಡಿಗಳನ್ನು ಕನ್ನಡಿ ಮಾಡಿದವನು. ಮಸುಕಾದದ್ದು ಏನು ಕಂಡರೂ ಅವನ ಕೈ ಸುಮ್ಮನಿರುತ್ತಿರಲಿಲ್ಲ. ಪುಣ್ಯಾತ್ಮನಿಗೆ ಬರುತ್ತಿದ್ದದ್ದು ಅದೊಂದೇ ವಿದ್ಯೆ.

ಅವನನ್ನು ಸಾಕಿದ್ದು ಅಕ್ಕ, ಬಟ್ಟೆ ಹೊಲಿದು ಇಬ್ಬರ ಹೊಟ್ಟೆ ಹೊರೆದವಳು. ಗಿರಾಕಿಗಳ ಚಿಲ್ಲರೆಯಲ್ಲಿ ಹಳೇ ಕಾಲದ ನಾಲ್ಕಾಣೆ ಪಾವಲಿಯೋ, ಯಾವುದೋ ದೊಡ್ಡ ದಿನದ ನೆನಪಿಗೆಂದು ಹೊರಡಿಸಿದ ಪಾವಲಿಯೋ ಬಂದರೆ ಖರ್ಚು ಮಾಡದೆ ಬಿಸ್ಕತ್ತಿನ ಡಬ್ಬಿಗೆ ಹಾಕುತ್ತಿದ್ದಳು. ಈಗ ಅವಳ ಒಂದು ಕಣ್ಣು ಹೋಗಿತ್ತು. ಬೇಗ ಆಪರೇಷನ್ ಮಾಡದಿದ್ದರೆ ಇನ್ನೊಂದೂ ಉಳಿಯುವುದಿಲ್ಲ ಎಂದಿದ್ದರು ಡಾಕ್ಟರು. ಅವಳು ಡಬ್ಬಿಯನ್ನು ತಮ್ಮನ ಕೈಗಿಟ್ಟು, ಮಾರಿಕೊಂಡು ಬಾ ಎಂದಳು.

ನಾಲ್ಕು ಜನರ ಮುಂದೆ ಹೋಗುವವರು ಮುಖ ತೊಳೆಯದೆ ಹೋಗುತ್ತಾರೆಯೇ? ಎಲ್ಲವನ್ನೂ ಕಾರ್ಖಾನೆಗೆ ಒಯ್ದು, ಊಟದ ಬಿಡುವಿನಲ್ಲಿ ಒಂದೊಂದನ್ನೇ ಚಕ್ರಕ್ಕೆ ಹಿಡಿದ. ತಲೆಮಾರುಗಳ ಕಪ್ಪು ಕಿತ್ತು ಬಂತು. ಇರಲಾರದೆ ಇರುವೆ ಬಿಟ್ಟುಕೊಂಡ, ಅಷ್ಟೇ.

ನಾಣ್ಯದ ವ್ಯಾಪಾರಿ ಅಕ್ಕನ ಕಣ್ಣಿನ ಕತೆಯನ್ನೆಲ್ಲ ಕೇಳಿಸಿಕೊಂಡು, ಭೂತಗನ್ನಡಿ ಹಿಡಿದ. ನೆನಪಿನ ಪಾವಲಿಗಳು ಲೆಕ್ಕವಿಲ್ಲದಷ್ಟು ಅಚ್ಚಾಗಿವೆ, ಮುಖಬೆಲೆಗಿಂತ ಹೆಚ್ಚಿಲ್ಲ ಎಂದ. ಹಳೆಯ ಬೆಳ್ಳಿಯವಕ್ಕೆ ತೂಕದ ಬೆಲೆ, ಇದ್ದದ್ದೇ ನಾಲ್ಕಾರು. ಆಮೇಲೆ ಒಂದನ್ನು ಬೇರೆ ಇಟ್ಟು, ಅದರ ಇಸವಿಯನ್ನು ಮತ್ತೊಮ್ಮೆ ನೋಡಿದ.

“ಇದು ಅಪರೂಪದ ವರ್ಷದ್ದು ಯಜಮಾನ್ರೆ. ಹಾಗೇ ತಂದಿದ್ರೆ ಆಪರೇಷನ್ ಖರ್ಚು ಇದೊಂದ್ರಲ್ಲೇ ಹುಟ್ತಿತ್ತು. ಉಜ್ಜಿದ್ದನ್ನ ಯಾರೂ ಮುಟ್ಟಲ್ಲ.”

ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು. ಆ ಕಪ್ಪಿಗೇ ಬೆಲೆ ಎಂದು ಅವನಿಗೆ ಯಾರು ಹೇಳಿದ್ದರು? ಅವನು ಕಲಿತದ್ದೆಲ್ಲ ಅದಕ್ಕೆ ತದ್ವಿರುದ್ಧ. ವ್ಯಾಪಾರಿ ಕೊಡುತ್ತೇನೆಂದ ದುಡ್ಡಿನಲ್ಲಿ ಕಣ್ಣಿಗೆ ಬಿಡುವ ಔಷಧಿಯೂ ಬರುವಂತಿರಲಿಲ್ಲ. ಡಬ್ಬಿ ಹೊತ್ತು ಮನೆಗೆ ಬಂದ.

ಸುಳ್ಳು ಹೇಳೋಣವೆಂದುಕೊಂಡಿದ್ದ, ಬಾಯಿ ಬರಲಿಲ್ಲ. ಎಲ್ಲ ಹೇಳಿ ಅವಳ ಕಾಲ ಬಳಿ ಕೂತು ಬಿಕ್ಕಿ ಬಿಕ್ಕಿ ಅತ್ತ. ಅಕ್ಕ ಬೈಯಲಿಲ್ಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಡಬ್ಬಿ ಎಳೆದುಕೊಂಡು ಒಂದು ಪಾವಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದಳು.

“ಈಚೀಚೆಗೆ ಇವು ನನಗೆ ಕಾಣ್ತಾನೇ ಇರ್ಲಿಲ್ಲ ಕಣೋ. ಈಗ ಕಾಣ್ತಿದೆ. ಇರ್ಲಿ ಬಿಡು, ಕಣ್ಣಿರೋವರೆಗೂ ನೋಡ್ಕೋತೀನಿ.”